ಹೊಲಿಗೆ ಮಾಗಲಿ, ಆಮೇಲೆ ಗಾಡಿ

ಆಪರೇಷನ್ ಮಾಡಿ ಹೆರಿಗೆ ಆಯಿತು. ಹತ್ತು ಹದಿನೈದು ದಿನಕ್ಕೆ ಮೇಲಿನ ಗಾಯ ಒಣಗಿತು. ಸ್ಕೂಟರ್ ತೆಗೆಯೋಣ ಅನ್ನಿಸುತ್ತದೆ. ಮನೆಯವರೂ “ಈಗ ಆರಾಮಾಗಿದ್ದೀಯಲ್ಲ” ಅಂತಾರೆ. ಆದರೆ ಒಳಗೆ ಗರ್ಭಕೋಶಕ್ಕೂ ಹೊಲಿಗೆ ಹಾಕಿದ್ದಾರೆ. ಅದು ನಮ್ಮ ಕಣ್ಣಿಗೆ ಕಾಣದು. ಒಳಗಾಯ ಮಾಗಲು ಸುಮಾರು 6 ವಾರ ಬೇಕು.

ಸ್ಟ್ಯಾಂಡ್ ಹಾಕಲು, ಕಿಕ್ ಹೊಡೆಯಲು ಹೊಟ್ಟೆಯ ಬಲವೇ ಬೇಕು. ದಾರಿಗೆ ಎಮ್ಮೆ ಅಡ್ಡ ಬಂತು ಅನ್ನಿ. ಬ್ರೇಕ್ ಹಾಕಿ ಕಾಲೂರಬೇಕು. ಆಗ ಹೊಟ್ಟೆ ಚುಳ್ ಎಂದರೆ ಗಾಡಿ ವಾಲುತ್ತದೆ, ನಾವೂ ಬೀಳುತ್ತೇವೆ. ರಾತ್ರಿಯೆಲ್ಲ ನಿದ್ದೆಗೆಟ್ಟ ಬಾಣಂತಿಗೆ ಕಣ್ಣು ಎಳೆಯುವುದೂ ಉಂಟು.

ಮಗುವಿನ ಒಂದೂವರೆ ತಿಂಗಳ ಲಸಿಕೆಗೆ ಹೋಗುತ್ತೇವಲ್ಲ, ಅಂದೇ ಡಾಕ್ಟರಿಗೆ ಹೊಟ್ಟೆ ತೋರಿಸೋಣ. ಗಾಡಿ ಓಡಿಸಬಹುದಾ ಅಂತ ಕೇಳೋಣ. ಕೇಳಲು ನಾಚಿಕೆ ಯಾಕೆ?

ಗಾಯ ಕೆಂಪಾದರೆ, ಕೀವು ಬಂದರೆ, ಜ್ವರ ಬಂದರೆ ಅಲ್ಲಿಯವರೆಗೆ ಕಾಯಬಾರದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.