ಹಿಮವು ಕಾಪಾಡಿದ ಸಮಾಧಿಗಳು

ಸೈಬೀರಿಯದ ದಕ್ಷಿಣದಂಚಿನಲ್ಲಿರುವ ಅಲ್ತಾಯ್ ಪರ್ವತಗಳ ನಡುವೆ, 2,000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ, ಉಕೋಕ್ ಎಂಬ ಪ್ರಸ್ಥಭೂಮಿಯಿದೆ. 1993ರಲ್ಲಿ ಪುರಾತತ್ತ್ವಜ್ಞೆ ನತಾಲಿಯಾ ಪೊಲೋಸ್ಮಾಕ್ ಅವರು ಇಲ್ಲಿ ಪಜಿರಿಕ್ ಜನರ ಸಮಾಧಿಯೊಂದನ್ನು ತೆರೆದರು. ಕ್ರಿ.ಪೂ. 5ರಿಂದ 3ನೆಯ ಶತಮಾನಗಳ ಅವಧಿಗೆ ಸೇರಿದ ಮಹಿಳೆಯೊಬ್ಬಳ ದೇಹ ಅದರಲ್ಲಿತ್ತು. ತೋಳಿನ ಹಚ್ಚೆ, ರೇಷ್ಮೆಯ ಅಂಗಿ, ಉಣ್ಣೆಯ ಲಂಗ ಎಲ್ಲವೂ ಉಳಿದಿದ್ದುವು. ಹೂಳಿದ ದೇಹವು ಮಣ್ಣಾಗಬೇಕಷ್ಟೆ. ಇದು ಉಳಿದುದು ಹೇಗೆ?

ದೇಹವು ಬೇಗನೆ ಕೆಡದಂತೆ ಆ ಜನರು ಅದಕ್ಕೆ ಸಂಸ್ಕಾರ ಮಾಡಿದ್ದರು. ಅನಂತರ, ನೆಲದೊಳಗಿನ ಮರದ ಕೋಣೆಗೆ ಇಳಿದ ನೀರು ಹೆಪ್ಪುಗಟ್ಟಿತು. ಮೇಲಿನ ಕಲ್ಲುರಾಶಿಯು ಬೇಸಗೆಯ ಕಾವನ್ನು ತಡೆದುದರಿಂದ ಆ ಮಂಜುಗಡ್ಡೆ ಕರಗಲಿಲ್ಲ. ಕೊಳೆಯಿಸುವ ಸೂಕ್ಷ್ಮಜೀವಿಗಳು ಅಲ್ಲಿ ಬೆಳೆಯಲಾರದೆ ಹೋದುವು.

ಇಂದು ಭೂಮಿಯ ತಾಪವು ಏರುತ್ತಿರುವುದರಿಂದ ಇಂತಹ ಹಿಮಕ್ಕೇ ಅಪಾಯ ಒದಗಿದೆ. ಪಜಿರಿಕ್ ಜನರು ತಮ್ಮ ಬರಹವನ್ನು ಬಿಟ್ಟುಹೋಗಿಲ್ಲ. ಅವರ ಬಾಳನ್ನು ನಾವು ಸಮಾಧಿಗಳಿಂದಲೇ ಅರಿಯಬೇಕು. ಹಿಮವು ಕರಗಿತೆಂದರೆ, ಇನ್ನೂ ತೆರೆಯದ ಸಮಾಧಿಗಳೊಳಗಿನ ಬಟ್ಟೆ, ಮರ, ಚರ್ಮಗಳು ನಾವು ನೋಡುವ ಮೊದಲೇ ಕೊಳೆತುಹೋಗುವುವು.