ಕಾಲು ಕಾಣುತ್ತದೆ, ಭಾರ ಕಾಣುವುದಿಲ್ಲ

ಮಗೂ, ನಿನ್ನ ಓಟವನ್ನು ಮೊಬೈಲಿನಲ್ಲಿ ಹಿಡಿಸಿಕೊಂಡು ಮತ್ತೆ ಮತ್ತೆ ನೋಡುತ್ತಿದ್ದೀಯಂತೆ. ಒಳ್ಳೆಯದೇ. ಓಡುವಾಗ ಪಾದ ನೆಲದ ಮೇಲಿರುವುದು ಸುಮಾರು ಕಾಲು ಸೆಕೆಂಡು; ಬರಿಗಣ್ಣಿಗೆ ಅದು ದಕ್ಕುವುದಿಲ್ಲ. ಆದರೆ ನೋಡುವುದಕ್ಕೆ ಮೊದಲು ಹಿಡಿಯುವುದನ್ನು ಕಲಿ.

ಸೆಕೆಂಡಿಗೆ 30 ಫ್ರೇಮಿನಂತೆ ಹಿಡಿದರೆ ಎರಡು ಫ್ರೇಮುಗಳ ನಡುವೆ 33 ಮಿಲಿಸೆಕೆಂಡು ಜಾರಿಹೋಗುತ್ತದೆ. ಪಾದ ನೆಲ ಮುಟ್ಟಿದ ಕ್ಷಣ ಆ ಸಂದಿಯಲ್ಲೇ ಕಳೆದುಹೋಗಬಹುದು. 240 ಫ್ರೇಮಿನ ಸ್ಲೋಮೋಷನ್‌ನಲ್ಲಾದರೆ ಅಂತರ 4 ಮಿಲಿಸೆಕೆಂಡು ಮಾತ್ರ. ಮೊಬೈಲನ್ನು ಸೊಂಟದೆತ್ತರದ ಸ್ಟ್ಯಾಂಡಿನ ಮೇಲೆ, ನೀನು ಓಡುವ ಗೆರೆಗೆ ನೇರ ಅಡ್ಡಲಾಗಿ, ತುಸು ದೂರದಲ್ಲಿ ನಿಲ್ಲಿಸು. ಓರೆಯಾಯಿತೋ, ಮಂಡಿಯ ಕೋನವೇ ಸುಳ್ಳು ಹೇಳುತ್ತದೆ. ದಣಿದ ಮೇಲೂ ಒಮ್ಮೆ ಹಿಡಿಸು. ಕ್ಯಾಮೆರಾ ಇದೆಯೆಂದು ಗೊತ್ತಿದ್ದರೆ ಮೊದಲ ಸುತ್ತಿನಲ್ಲಿ ಎಲ್ಲರೂ ಚೆಂದವಾಗಿಯೇ ಓಡುತ್ತಾರೆ.

ಹಿಮ್ಮಡಿ ಮೊದಲು ತಾಗುತ್ತಿದೆಯೆಂದು ಗಾಬರಿಯಾಗಬೇಡ. ಜಪಾನಿನ ಸಪ್ಪೊರೊ ಹಾಫ್ ಮ್ಯಾರಥಾನಿನ 15ನೇ ಕಿಲೋಮೀಟರಿನಲ್ಲಿ ಕ್ಯಾಮೆರಾ ಇಟ್ಟು ನೋಡಿದವರಿಗೆ, ಅಲ್ಲಿ ಓಡಿದ ಘಟಾನುಘಟಿಗಳಲ್ಲೂ ನಾಲ್ವರಲ್ಲಿ ಮೂವರು ಹಿಮ್ಮಡಿ ಊರುವವರೇ ಕಂಡರು. ಓಟ ನೋಡಲು ಚೆಂದವಿರಲೇಬೇಕೆಂದೂ ಇಲ್ಲ. ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್ ತಲೆ ಆಡಿಸುತ್ತಲೇ ಓಡಿ 2003ರಲ್ಲಿ ಲಂಡನ್ನಿನಲ್ಲಿ ಬರೆದ ಮಹಿಳೆಯರ ಮ್ಯಾರಥಾನ್ ವಿಶ್ವದಾಖಲೆ 2019ರವರೆಗೆ ಉಳಿಯಿತು. ಬಲವಂತದಿಂದ ಮುಂಗಾಲೂರಿ ಓಡಹೊರಟರೆ ಹೊರೆ ಮಾಯವಾಗುವುದಿಲ್ಲ. ಮಂಡಿಯಿಂದ ಮೀನಖಂಡಕ್ಕೆ ಸರಿಯುತ್ತದೆ, ಅಷ್ಟೆ.

ನೀನು ನೋಡಬೇಕಾದದ್ದು ಪಾದ ಎಲ್ಲಿ ಊರುತ್ತದೆ ಎಂಬುದನ್ನು. ಸೊಂಟಕ್ಕಿಂತ ಬಹಳ ಮುಂದೆ ಊರಿದರೆ ಹೆಜ್ಜೆಹೆಜ್ಜೆಗೂ ಬ್ರೇಕು ಹಾಕಿಕೊಂಡಂತೆ. ಹಾಗೆಂದು ಕಾಲನ್ನು ಹಿಂದೆಳೆಯಲು ಹೆಣಗಬೇಡ. ವೇಗ ಬದಲಿಸದೆ ನಿಮಿಷದ ಹೆಜ್ಜೆಗಳನ್ನು ಮಾತ್ರ ಹೆಚ್ಚಿಸು. 160 ಇದ್ದರೆ 168 ಸಾಕು. ಹೀಗೆ ಶೇ 5ರಿಂದ 10ರಷ್ಟು ಹೆಚ್ಚಿಸಿದಾಗ ಮಂಡಿ, ಸೊಂಟದ ಕೀಲುಗಳ ಹೊರೆ ತಗ್ಗುವುದನ್ನು ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರು 2011ರಲ್ಲಿ ತೋರಿಸಿದ್ದಾರೆ.

ಒಂದು ಮಾತು ನೆನಪಿರಲಿ. ವಿಡಿಯೊ ತೋರಿಸುವುದು ಮೈಯ ಚಲನೆಯನ್ನು, ಮೈ ಹೊರುವ ಬಲವನ್ನಲ್ಲ. ಪ್ರತಿ ಹೆಜ್ಜೆಗೂ ನಿನ್ನ ತೂಕದ ಸುಮಾರು ಎರಡೂವರೆ ಪಟ್ಟು ಬಲ ನೆಲದಿಂದ ತಿರುಗಿ ಬರುತ್ತದೆ. ಅದನ್ನು ನೇರವಾಗಿ ಅಳೆಯಲು ನೆಲದಲ್ಲಿ ಹುದುಗಿಸಿದ ಫೋರ್ಸ್ ಪ್ಲೇಟು ಬೇಕು. ಆದ್ದರಿಂದ ನೋವಿಲ್ಲದ ಓಟವನ್ನು ತೆರೆಯ ಮೇಲಿನ ಗೆರೆ-ಕೋನ ನೋಡಿ ತಿದ್ದಹೋಗಬೇಡ. ತಿದ್ದಲೇಬೇಕಾದರೆ ಒಮ್ಮೆಗೆ ಒಂದನ್ನೇ ತಿದ್ದು, ಕೆಲವು ವಾರ ಕಾದು ನೋಡು. ನೋವಿದ್ದರೆ ಫಿಸಿಯೊ ಬಳಿ ಹೋಗು. ಎಲ್ಲಿ, ಯಾವಾಗ ನೋಯುತ್ತದೆಂದು ಮೊದಲು ಬಾಯಿಬಿಟ್ಟು ಹೇಳು, ವಿಡಿಯೊ ಆಮೇಲೆ ತೋರಿಸು.