ಗುಡ್ಡದ ಮನೆಯಲ್ಲಿ ಇಬ್ಬರು ಗರ್ಭಿಣಿಯರು

ಸ್ತ್ರೀಯರ ಕೂಟಕ್ಕೂ ಮನೆಯ ಪ್ರಾರ್ಥನೆಗೂ ತಕ್ಕ ಪಾಠ. ಓದತಕ್ಕ ಭಾಗ: ಲೂಕನ ಸುವಾರ್ತೆ ೧ನೇ ಅಧ್ಯಾಯ, ೨೪–೨೫ ಮತ್ತು ೩೯–೬೬ ವಚನಗಳು.

ಇಬ್ಬರು ಮೂವರು ಗರ್ಭಿಣಿಯರು ಒಂದು ಜಗಲಿಯಲ್ಲಿ ಕೂತು ಮಾತಾಡುತ್ತಿರುವದನ್ನು ಕಂಡರೆ, ಅದನ್ನು ಬರೇ ಹರಟೆಯೆಂದೆಣಿಸಿ ದಾಟಿಹೋಗುವ ವಾಡಿಕೆ ನಮ್ಮಲ್ಲಿ ಉಂಟು. ಸುವಾರ್ತಿಕನಾದ ಲೂಕನು ಹಾಗೆ ಎಣಿಸಲಿಲ್ಲ. ಅವನು ವೈದ್ಯನಾಗಿದ್ದನೆಂದು ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಿಂದ ತಿಳಿಯುತ್ತೇವೆ. ಈ ವೈದ್ಯನು ರಕ್ಷಕನ ಚರಿತ್ರೆಯನ್ನು ಬರೆಯಲು ಕೂತಾಗ, ಬೆತ್ಲೆಹೇಮಿನ ಗೋದಲಿಗೆ ಬರುವ ಮೊದಲೇ, ಇಬ್ಬರು ಗರ್ಭಿಣಿಯರು ಒಂದು ಮನೆಯಲ್ಲಿ ಕೂಡಿ ಮಾತಾಡಿದ ಸಂಗತಿಗೆ ಸ್ಥಳ ಕೊಟ್ಟನು. ದೇವರ ವಾಕ್ಯವು ಮಾನ್ಯಮಾಡಿದ ಮಾತನ್ನು ನಾವು ಹರಟೆಯೆನ್ನಬಹುದೋ? ಬಸುರಿಯಾದವಳನ್ನು ಅವಳ ಭಯದೊಂದಿಗೆ ಒಂಟಿಯಾಗಿ ಬಿಡಬಾರದು. ಅವಳು ಮಾತಾಡುವದಕ್ಕೆ ಒಂದು ಮನೆಯನ್ನೂ ಕೇಳುವದಕ್ಕೆ ಒಂದು ಕಿವಿಯನ್ನೂ ಒದಗಿಸುವದು ಸಭೆಯ ಕೆಲಸವಾಗಿದೆ. ಇದೇ ಈ ಪಾಠದ ಸಾರ.

೧. ಬಸುರಿನ ಮಾತು

ಎಲಿಸಬೇತಳು ಬಹುಕಾಲ ಬಂಜೆಯೆಂಬ ನಿಂದೆಯನ್ನು ಹೊತ್ತವಳು. ಗರ್ಭವತಿಯಾದ ಮೇಲೆಯೂ ಐದು ತಿಂಗಳು ಮರೆಯಾಗಿದ್ದಳು. ಊರಿನ ನಾಲಿಗೆಯನ್ನು ಬಲ್ಲವಳು ಸಂತೋಷವನ್ನು ಸಹ ಬೇಗ ಹೊರಗೆ ಹಾಕುವದಿಲ್ಲ. ಮರಿಯಳಾದರೋ ಎಳೆಯ ಪ್ರಾಯದವಳು. ಅವಳಿಗೆ ಬಂದ ವರ್ತಮಾನವು ಯಾರಿಗೂ ಸುಲಭವಾಗಿ ಹೇಳತಕ್ಕದ್ದಲ್ಲ. ಅವಳು ನಜರೇತಿನಿಂದ ಹೊರಟು, ಹಲವು ದಿನಗಳ ದಾರಿಯನ್ನು ನಡೆದು, ಯೂದಾಯದ ಗುಡ್ಡದ ಸೀಮೆಯಲ್ಲಿದ್ದ ಬಂಧುವಿನ ಮನೆಯನ್ನು ಸೇರಿದಳು. ಅವಳು ಅವಸರದಿಂದ ಹೋದಳೆಂದು ಲೂಕನು ತಿಳಿಸುತ್ತಾನೆ. ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬಳ ಮುಖವನ್ನು ನೋಡಬೇಕೆಂಬ ಆಶೆ ಎಷ್ಟು ಬಲವಾದದ್ದೆಂದು ಇದರಿಂದ ತಿಳಿಯಬಹುದು.

ಹಿರಿಯಳು ಕಿರಿಯಳನ್ನು ಹೇಗೆ ಎದುರುಗೊಂಡಳೆಂಬದನ್ನು ಗಮನಿಸಿರಿ. ಇದು ಹೇಗಾಯಿತು, ಜನರು ಏನನ್ನುವರು ಎಂದು ಅವಳು ವಿಚಾರಿಸಲಿಲ್ಲ. ಮೊದಲು ಆಶೀರ್ವದಿಸಿದಳು. ತನ್ನ ಹೊಟ್ಟೆಯ ಕೂಸು ಅಲ್ಲಾಡಿದ್ದನ್ನು ನಾಚಿಕೆಯಿಲ್ಲದೆ ಹೇಳಿದಳು. ಚೊಚ್ಚಲ ಬಸುರಿಯ ಮುಂದೆ ಕಷ್ಟದ ಹೆರಿಗೆಗಳ ಕಥೆಯನ್ನು ರಾಶಿ ಹಾಕುವ ತಾಯಂದಿರು ಎಲಿಸಬೇತಳ ಬಾಯಿಂದ ಕಲಿಯಲಿ.

ಆದರೆ ಸಿಹಿ ಮಾತು ಮಾತ್ರ ಸಾಲದು. ಸತ್ಯವಾದ ಮಾತೂ ಬೇಕು. ಕರ್ನಾಟಕದಲ್ಲಿ ೨೦೦೧–೦೩ನೇ ಇಸವಿಗಳಲ್ಲಿ ಜೀವಂತವಾಗಿ ಹುಟ್ಟಿದ ಲಕ್ಷ ಶಿಶುಗಳಿಗೆ ೨೨೮ ಮಂದಿ ತಾಯಂದಿರು ಬಸುರು ಬಾಣಂತನಗಳಲ್ಲಿ ತೀರಿಹೋಗುತ್ತಿದ್ದರು. ೨೦೧೮–೨೦ರಲ್ಲಿ ಈ ಸಂಖ್ಯೆಯು ೬೯ಕ್ಕೆ ಇಳಿಯಿತು. ಇದಕ್ಕಾಗಿ ದೇವರನ್ನು ಸ್ತುತಿಸುತ್ತೇವೆ. ಆದರೂ ಆ ೬೯ ಮಂದಿಯಲ್ಲಿ ಪ್ರತಿಯೊಬ್ಬಳೂ ಒಂದು ಮನೆಯ ದೀಪವೇ. ಅತಿಯಾದ ರಕ್ತಸ್ರಾವ, ಏರಿದ ರಕ್ತದೊತ್ತಡ, ನಂಜು, ರಕ್ತಹೀನತೆ ಇವೇ ತಾಯಂದಿರ ಮುಖ್ಯ ವೈರಿಗಳು. ಈ ವೈರಿಗಳಿಗೆ ಸಹಾಯಮಾಡುವದು ಬಾಯಿಮುಚ್ಚಿಕೊಂಡಿರುವ ವಾಡಿಕೆ. ಮುಖವೂ ಕೈಗಳೂ ಊದಿಕೊಂಡರೆ, ತಲೆ ಬಿಡದೆ ನೋಯುತ್ತಿದ್ದರೆ, ಕಣ್ಣು ಮಂಜಾದರೆ, "ಬಸುರಿಯಲ್ಲಿ ಇದೆಲ್ಲಾ ಇರುವದೇ" ಎಂದು ಮನೆಯವರು ಹೇಳುತ್ತಾರೆ; ಸೊಸೆಯು ಸುಮ್ಮನಾಗುತ್ತಾಳೆ. ಹಾಗೆ ಸುಮ್ಮನಿರಬಾರದು. ಈ ಚಿಹ್ನೆಗಳು ಕಂಡರೂ, ರಕ್ತ ಹೋದರೂ, ನೀರು ಒಡೆದರೂ, ಸೆಳವು ಬಂದರೂ, ಜ್ವರ ಏರಿದರೂ, ಕೂಸಿನ ಆಟ ಕಡಿಮೆಯಾದರೂ, ಅದೇ ದಿನ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗತಕ್ಕದ್ದು. ೧೦೮ ಎಂಬ ಸಂಖ್ಯೆಗೆ ಕರೆದರೆ ಕೂಲಿ ಕೇಳದೆ ವಾಹನ ಬರುವದು.

೨೦೧೯–೨೧ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯುಂಟು. ಸರಕಾರದವರು ಕೊಡುವ ಕಬ್ಬಿಣದ ಮಾತ್ರೆಯನ್ನು ೧೮೦ ದಿವಸ ತಕ್ಕೊಳ್ಳಬೇಕು. ಮಾತ್ರೆ ನುಂಗಿದರೆ ಕೂಸು ಅತಿಯಾಗಿ ಬೆಳೆದು ಹೆರಿಗೆ ಕಷ್ಟವಾಗುವದೆಂಬ ಮಾತು ಸುಳ್ಳು. ಮಲ ಕಪ್ಪಾದರೆ ಹೆದರಬೇಡಿರಿ. ಅದು ಕಬ್ಬಿಣದ ಗುಣವೇ. ಮಾತ್ರೆಯ ಜೊತೆಯಲ್ಲಿ ಚಹಾ ಕುಡಿಯಬಾರದು. ಲಿಂಬೆಯ ನೀರು ಒಳ್ಳೇದು. ನುಗ್ಗೆಸೊಪ್ಪು, ಹರಿವೆ, ಹೆಸರುಕಾಳು, ಮೊಟ್ಟೆ, ಚೆನ್ನಾಗಿ ಬೇಯಿಸಿದ ಮೀನು ಇವುಗಳನ್ನು ಗಂಜಿಯೊಂದಿಗೆ ಕೊಡಿರಿ. ಬೀಡಿ ಕಟ್ಟುವ ಮನೆಗಳಲ್ಲಿ ಹೊಗೆಸೊಪ್ಪಿನ ಹುಡಿಯು ಬಸುರಿಯ ಮೂಗಿಗೆ ಹೋಗದಂತೆ ನೋಡಿರಿ. ಆ ತಿಂಗಳುಗಳಲ್ಲಿ ಅವಳಿಗೆ ಬೇರೆ ಕೆಲಸ ಕೊಡುವದು ಉತ್ತಮ.

೨. ಮನೆಯ ಮಾತು

ಆ ಗುಡ್ಡದ ಮನೆಯ ಯಜಮಾನನಾದ ಜಕರೀಯನು ಯಾಜಕನು, ಶಾಸ್ತ್ರವನ್ನು ಬಲ್ಲವನು. ಆದರೆ ಆ ತಿಂಗಳುಗಳಲ್ಲಿ ಅವನ ಬಾಯಿ ಕಟ್ಟಿತ್ತು. ಯಾಜಕನು ಮೂಕನಾಗಿದ್ದ ಮನೆಯಲ್ಲಿ ಹೆಂಗಸರಿಬ್ಬರು ದೇವರ ಕಾರ್ಯವನ್ನು ಮಾತಾಡಿದರು. ಮರಿಯಳು ಸುಮಾರು ಮೂರು ತಿಂಗಳು ಅಲ್ಲಿದ್ದಳು. ಎಲಿಸಬೇತಳಿಗೆ ಆಗ ಆರನೇ ತಿಂಗಳು ಕಳೆದಿದ್ದದರಿಂದ, ಕಿರಿಯಳ ಕೈ ಹಿರಿಯಳ ಕೊಡಪಾನವನ್ನೂ ಒಲೆಯನ್ನೂ ಮುಟ್ಟದೆ ಇರಲಿಲ್ಲವೆಂದು ನಾವು ನೆನಸಬಹುದು.

ಕೂಸು ಹುಟ್ಟಿದ ಮೇಲೆ ನಡೆದದ್ದನ್ನು ಗಂಡಂದಿರು ವಿಶೇಷವಾಗಿ ಓದಲಿ. ತಾಯಿಯು ಯೋಹಾನನೆಂಬ ಹೆಸರನ್ನು ಹೇಳಿದಳು. ನೆಂಟರಿಷ್ಟರು ಒಪ್ಪಲಿಲ್ಲ, ಅವಳನ್ನು ಬಿಟ್ಟು ಗಂಡನನ್ನು ಸನ್ನೆಯಿಂದ ಕೇಳಿದರು. ಜಕರೀಯನು ಬರೆಯುವ ಹಲಿಗೆಯನ್ನು ತರಿಸಿ ಹೆಂಡತಿ ಹೇಳಿದ ಹೆಸರನ್ನೇ ಬರೆದನು. ಕೂಡಲೇ ಅವನ ನಾಲಿಗೆ ಸಡಿಲವಾಯಿತು. ನೆಂಟರ ಮುಂದೆ ಹೆಂಡತಿಯ ಪಕ್ಷದಲ್ಲಿ ನಿಂತದ್ದೇ ಅವನ ಮೊದಲನೇ ಸಾಕ್ಷಿ. ಇಂದಿನ ಗಂಡನಿಗೂ ಅಂಥಾ ಹಲಿಗೆ ಬೇಕು. ಹೆಂಡತಿಯನ್ನು ತಪಾಸಣೆಗೆ ತಾನೇ ಕರಕೊಂಡು ಹೋಗುವದು, ತಾಯಿಕಾರ್ಡಿನಲ್ಲಿ ಬರೆದದ್ದನ್ನು ಓದಿ ತಿಳುಕೊಳ್ಳುವದು, ಅವಳು ಬಳಲಿದ್ದಾಳೆಂದು ಮನೆಯ ಹಿರಿಯರಿಗೆ ಮರ್ಯಾದೆಯಿಂದ ಹೇಳುವದು, ಇವು ಗಂಡಸುತನಕ್ಕೆ ಕುಂದಲ್ಲ. ಮುಂಬಯಿಯಲ್ಲಿಯೋ ಗಲ್ಫ್ ದೇಶಗಳಲ್ಲಿಯೋ ದುಡಿಯುವ ಗಂಡನು ಹಣ ಕಳುಹಿಸಿದರೆ ತೀರಲಿಲ್ಲ. ದಿನಾಲು ಅವಳ ಮಾತನ್ನು ಕೇಳಬೇಕು.

ಅತ್ತೆಯಂದಿರಿಗೂ ಒಂದು ಮಾತು. ನಮ್ಮ ಸೀಮೆಯಲ್ಲಿ ಬಯಕೆಯ ಊಟವನ್ನು ಮಾಡಿಸಿ ಸೊಸೆಯನ್ನು ಮೊದಲನೇ ಹೆರಿಗೆಗೆ ತವರಿಗೆ ಕಳುಹಿಸುವ ಪದ್ಧತಿಯುಂಟು. ತಾಯಿಮನೆಯಲ್ಲಿ ಬಾಯಿಬಿಟ್ಟು ಮಾತಾಡಲು ಎಡೆಯುಂಟೆಂಬದು ಆ ಪದ್ಧತಿಯ ಒಳ್ಳೇ ಮೂಲ. ಒಂದು ದಿನದ ಬಯಕೆಯನ್ನು ಹಬ್ಬಮಾಡಿ, ಉಳಿದ ದಿನಗಳ ಹಸಿವೆಯನ್ನು ಲೆಕ್ಕಿಸದಿದ್ದರೆ ಆ ಹಬ್ಬದಿಂದೇನು? ಗಂಡು ಹುಟ್ಟಲಿ ಎಂಬ ಮಾತಿನಿಂದ ಅವಳ ಮನಸ್ಸನ್ನು ಬಾಧಿಸಬೇಡಿರಿ. ಗರ್ಭದಲ್ಲಿ ಹೆಣ್ಣೋ ಗಂಡೋ ಎಂದು ಪತ್ತೆಹಚ್ಚುವದು ೧೯೯೪ರ ಕಾನೂನಿನ ಪ್ರಕಾರ ಅಪರಾಧವು. ದೇವರು ಕೊಡುವ ದಾನವನ್ನು ತೂಗಿನೋಡುವದರಿಂದ ಪಾಪವೂ ಹೌದು. ಹೆಣ್ಣಾಗುವದೂ ಗಂಡಾಗುವದೂ ತಂದೆಯ ಬೀಜದಿಂದಲೇ ಗೊತ್ತಾಗುವದೆಂದು ವೈದ್ಯಶಾಸ್ತ್ರವು ತಿಳಿಸುತ್ತದೆ. ಆದಕಾರಣ ತಾಯಿಯನ್ನು ದೂಷಿಸುವದು ಅಜ್ಞಾನ.

ಹೆತ್ತ ಮೇಲೆ ಎರಡು ವಾರ ಕಳೆದರೂ ತಾಯಿಯು ಕಾರಣವಿಲ್ಲದೆ ಅಳುತ್ತಿದ್ದರೆ, ನಿದ್ರೆಯಿಲ್ಲದಿದ್ದರೆ, ಕೂಸನ್ನು ನೋಡಲೊಲ್ಲದಿದ್ದರೆ, ಅವಳಿಗೆ ನಂಬಿಕೆ ಕಡಿಮೆಯೆಂದು ಯಾರೂ ಹೇಳಬಾರದು. ಅದು ವಾಸಿಯಾಗತಕ್ಕ ರೋಗ; ವೈದ್ಯರಿಗೆ ತಿಳಿಸಿರಿ. ೧೪೪೧೬ ಎಂಬ ಟೆಲಿಮಾನಸ್ ಸಂಖ್ಯೆಯಲ್ಲಿ ೨೦೨೨ರಿಂದ ಉಚಿತವಾಗಿ ಆಲೋಚನೆ ಹೇಳುತ್ತಾರೆ.

೩. ಪುಸ್ತಕದ ಮಾತು

ಮರಿಯಳು ಆ ಮನೆಯಲ್ಲಿ ಹಾಡಿದ ಹಾಡನ್ನು ಒಂದನೇ ಸಮುವೇಲನ ಎರಡನೇ ಅಧ್ಯಾಯದಲ್ಲಿರುವ ಹನ್ನಳ ಪ್ರಾರ್ಥನೆಯೊಂದಿಗೆ ಹೋಲಿಸಿ ಓದಿರಿ. ಒಬ್ಬ ತಾಯಿಯ ಮಾತು ಇನ್ನೊಬ್ಬ ತಾಯಿಯ ಬಾಯಲ್ಲಿ ಹೊಸದಾಗಿ ಹುಟ್ಟಿದಂತೆ ಕಾಣುವದು. ಕೇಳಿ ಕೇಳಿ ಮನಸ್ಸಿನಲ್ಲಿಟ್ಟಿದ್ದ ಗ್ರಂಥವು ಬೇಕಾದ ದಿನದಲ್ಲಿ ಅವಳಿಗೆ ಮಾತನ್ನು ಕೊಟ್ಟಿತು. ತಾಯಂದಿರಿಗೆ ಪುಸ್ತಕವು ಯಾಕೆ ಬೇಕೆಂದು ಕೇಳುವವರಿಗೆ ಇದೇ ಉತ್ತರ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಬಾಸೆಲ್ ಮಿಶನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿ, ಕನ್ನಡ ಪುಸ್ತಕಗಳ ಜೊತೆಯಲ್ಲಿ ೧೮೪೭ರಲ್ಲಿ ತುಳು ಹೊಸ ಒಡಂಬಡಿಕೆಯನ್ನೂ ಅಚ್ಚುಹಾಕಿಸಿದರು. ತೊಟ್ಟಿಲಿನ ಹತ್ತಿರ ಆಡುವ ಭಾಷೆಯಲ್ಲಿಯೇ ದೇವರ ವಾಕ್ಯವು ಕೇಳಿಸಬೇಕೆಂಬದು ಒಳ್ಳೇ ಯೋಚನೆ. ಬನ್ಯನನ 'ಯಾತ್ರಿಕನ ಸಂಚಾರ'ವು ಎಷ್ಟೋ ಕ್ರೈಸ್ತ ಮನೆಗಳಲ್ಲಿ ಸಾಯಂಕಾಲದ ದೀಪದ ಮುಂದೆ ಓದಲ್ಪಟ್ಟಿತು.

ಇತರ ಒಳ್ಳೇ ಪುಸ್ತಕಗಳನ್ನೂ ನಾವು ದೂರಮಾಡುವದಿಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರ (೧೯೩೪–೧೯೯೧) 'ತಾಯಿ ಮಗು' ಎಂಬ ಪುಸ್ತಕವು ಬಸುರು ಬಾಣಂತನಗಳ ವಿಷಯವನ್ನು ಸಾಮಾನ್ಯ ಸ್ತ್ರೀಯರಿಗೆ ತಿಳಿಯುವ ಕನ್ನಡದಲ್ಲಿ ಹೇಳುತ್ತದೆ. ಪುಸ್ತಕ ಹಳೇದಾದದರಿಂದ ಔಷಧಗಳ ವಿಷಯದಲ್ಲಿ ಇಂದಿನ ವೈದ್ಯರನ್ನೇ ಕೇಳಬೇಕು. ಅವರೇ ಮಕ್ಕಳಿಗಾಗಿ 'ದಿನಕ್ಕೊಂದು ಕಥೆ'ಯನ್ನು ಬರೆದರು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ (೧೮೭೪–೧೯೩೭) ಶಿಶುಗೀತಗಳು ನಮ್ಮ ಕರಾವಳಿಯ ತೊಟ್ಟಿಲುಗಳಿಗೆ ಹೊಸವಲ್ಲ.

ಇವುಗಳನ್ನು ಗಟ್ಟಿಯಾಗಿ ಓದಿರಿ. ಅಮೇರಿಕದ ಡಿಕ್ಯಾಸ್ಪರ್, ಸ್ಪೆನ್ಸ್ ಎಂಬ ಪಂಡಿತರು ೧೯೮೬ರಲ್ಲಿ ಒಂದು ಶೋಧನೆಯನ್ನು ಪ್ರಕಟಿಸಿದರು. ಗರ್ಭಿಣಿಯರು ಕಡೇ ಆರು ವಾರಗಳಲ್ಲಿ ದಿನಕ್ಕೆ ಎರಡಾವರ್ತಿ ಒಂದು ಮಕ್ಕಳ ಕಥೆಯನ್ನು ಗಟ್ಟಿಯಾಗಿ ಓದಿದರು. ಹುಟ್ಟಿದ ಕೂಸುಗಳಿಗೆ ಹೊಸ ಕಥೆಯನ್ನೂ ಹಳೇ ಕಥೆಯನ್ನೂ ಕೇಳಿಸಿ, ಅವು ಚೀಪುವ ರೀತಿಯಿಂದ ಪರೀಕ್ಷಿಸಿದಾಗ, ಗರ್ಭದಲ್ಲಿ ಕೇಳಿದ ಕಥೆಯನ್ನೇ ಅವು ಬಯಸಿದವು. ಕೂಸಿಗೆ ಅರ್ಥವಾಯಿತೆಂದಲ್ಲ, ಆ ಧಾಟಿಯ ಗುರುತು ಅದಕ್ಕೆ ಹತ್ತಿತ್ತು. ಮರಿಯಳ ವಂದನೆಯ ಧ್ವನಿಗೆ ಎಲಿಸಬೇತಳ ಗರ್ಭದಲ್ಲಿ ಕೂಸು ನಲಿದಾಡಿದ್ದು ಪವಿತ್ರಾತ್ಮನ ಕಾರ್ಯವೆಂದು ನಂಬುತ್ತೇವೆ. ಅದನ್ನು ಇಂಥಾ ಶೋಧನೆಗಳಿಂದ ಸ್ಥಾಪಿಸುವ ಅವಶ್ಯವಿಲ್ಲ. ಆದರೂ ಮನೆಯಲ್ಲಿ ಆಡುವ ಮಾತಿಗೆ ಒಂದು ಸಣ್ಣ ಕಿವಿಯು ಆಗಲೇ ತೆರೆದಿದೆಯೆಂಬದು ನಮಗೆ ಎಚ್ಚರಿಕೆ. ಬೈಗಳನ್ನು ಕೇಳಿಸುವಿರೋ, ಹಾಡನ್ನು ಕೇಳಿಸುವಿರೋ?

೪. ಸಭೆಯು ಮಾಡತಕ್ಕದ್ದು

ಉಡುಪಿಯಲ್ಲಿ ೧೯೨೩ನೇ ಇಸವಿಯಲ್ಲಿ ಸ್ವಿಸ್ ವೈದ್ಯೆಯಾದ ಎವಾ ಲೊಂಬಾರ್ಡ್ ಅವರು ಸಣ್ಣದಾಗಿ ಆರಂಭಿಸಿದ ವೈದ್ಯಸೇವೆಯೇ ಇಂದು ಲೊಂಬಾರ್ಡ್ ಸ್ಮಾರಕ ಆಸ್ಪತ್ರೆಯಾಗಿದೆ. ಊರವರು ಅದನ್ನು ಮಿಶನ್ ಆಸ್ಪತ್ರೆಯೆನ್ನುತ್ತಾರೆ. ಮಣಿಪಾಲದಲ್ಲಿ ೧೯೫೩ರಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿತು. ಈ ಎರಡು ಸ್ಥಳಗಳಿಗೂ ಸಮೀಪವಾದ ಅಲೆವೂರಿನಂಥ ಗ್ರಾಮಗಳಿಗೆ ಇಂದು ವೈದ್ಯರು ದೂರವಲ್ಲ. ಆದರೆ ವೈದ್ಯರು ಗರ್ಭಿಣಿಯನ್ನು ತಿಂಗಳಿಗೊಮ್ಮೆ ಕೆಲವು ನಿಮಿಷ ನೋಡುತ್ತಾರೆ. ಉಳಿದ ದಿನಗಳೆಲ್ಲಾ ಅವಳು ನೆರೆಯವರ ಕೈಯಲ್ಲಿದ್ದಾಳೆ. ಆ ದಿನಗಳ ವಿಷಯದಲ್ಲಿ ದೇವರು ನಮ್ಮಿಂದ ಲೆಕ್ಕ ಕೇಳುವನು.

ಆದಕಾರಣ ಪ್ರತಿ ಗ್ರಾಮದಲ್ಲಿ ಹದಿನೈದು ದಿವಸಕ್ಕೊಮ್ಮೆ, ಮಧ್ಯಾಹ್ನದ ಕೆಲಸ ತೀರಿದ ಮೇಲೆ, ಒಂದು ಮನೆಯ ಜಗಲಿಯಲ್ಲಿ ಗರ್ಭಿಣಿಯರೂ ಎಳೆಕೂಸಿನ ತಾಯಂದಿರೂ ಕೂಡಲಿ. ಅನುಭವಸ್ಥಳಾದ ಒಬ್ಬ ಅಮ್ಮನು ಎಲಿಸಬೇತಳಂತೆ ಅವರನ್ನು ಎದುರುಗೊಳ್ಳಲಿ. ವೇದಭಾಗವನ್ನು ಒಬ್ಬಳು ಓದಲಿ. ಬೇರೊಂದು ಪುಸ್ತಕದ ಒಂದೆರಡು ಪುಟಗಳನ್ನು ಇನ್ನೊಬ್ಬಳು ಓದಲಿ. ಆ ಮೇಲೆ ಪ್ರತಿಯೊಬ್ಬಳೂ ತನ್ನ ಸ್ಥಿತಿಯನ್ನು ಹೇಳಲಿ. ಆಶಾ ಕಾರ್ಯಕರ್ತೆಯನ್ನೂ ಅಂಗನವಾಡಿಯ ಶಿಕ್ಷಕಿಯನ್ನೂ ಕರೆಯಿರಿ. ೨೦೧೬ರಿಂದ ಪ್ರತಿ ತಿಂಗಳ ೯ನೇ ತಾರೀಕಿನಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಏರ್ಪಟ್ಟಿದೆ. ಆ ದಿನ ಜೊತೆಯಾಗಿ ಹೋಗಿರಿ. ನೆರೆಮನೆಯವಳು ಯಾವ ಜಾತಿಯವಳಾದರೂ ಯಾವ ಮತದವಳಾದರೂ ಅವಳಿಗೆ ಚಾಪೆ ಹಾಸಿರಿ. ಅಲ್ಲಿ ಕೇಳಿದ ಗುಟ್ಟು ಜಗಲಿಯಿಂದ ಕೆಳಗಿಳಿಯಬಾರದು.

ಇನ್ನೊಬ್ಬಳನ್ನು ಮರೆಯಬೇಡಿರಿ. ಗರ್ಭ ಇಳಿದವಳು, ಕೂಸನ್ನು ಮಣ್ಣಿಗೆ ಒಪ್ಪಿಸಿದವಳು, ವರ್ಷಗಳಿಂದ ಕಾದಿರುವವಳು, ಆ ಜಗಲಿಯನ್ನು ದೂರದಿಂದ ನೋಡಿ ಹಾದುಹೋಗುತ್ತಾಳೆ. ಎಲಿಸಬೇತಳ ಬಾಯಲ್ಲಿ ಮರಿಯಳಿಗೆ ಸವಿಯಾದ ಮಾತು ಬಂದದ್ದು ಅವಳು ಬಹುಕಾಲ ನಿಂದೆಯನ್ನುಂಡಿದ್ದದರಿಂದಲೇ ಎಂದು ನಮಗೆ ತೋರುತ್ತದೆ. ದುಃಖವನ್ನು ಬಲ್ಲವಳನ್ನು ಬಲವಂತಮಾಡದೆ ಪ್ರೀತಿಯಿಂದ ಕರೆಯಿರಿ; ಅವಳಿಗಾಗಿ ಒಂದು ಸ್ಥಳವನ್ನು ಯಾವಾಗಲೂ ಬಿಟ್ಟಿರಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

(೧) ಎಲಿಸಬೇತಳು ಮರಿಯಳಿಗೆ ಮೊದಲು ಆಡಿದ ಮಾತು ಯಾವ ತರದ್ದು? ನಾವು ಚೊಚ್ಚಲ ಬಸುರಿಗೆ ಮೊದಲು ಏನು ಹೇಳುತ್ತೇವೆ?
(೨) ಜಕರೀಯನ ಹಲಿಗೆಯಿಂದ ಗಂಡಂದಿರು ಕಲಿಯತಕ್ಕದ್ದೇನು?
(೩) ಕೂಡಲೇ ಆಸ್ಪತ್ರೆಗೆ ಹೋಗತಕ್ಕ ಚಿಹ್ನೆಗಳನ್ನು ಪುಸ್ತಕ ನೋಡದೆ ಹೇಳಿರಿ.
(೪) ನಮ್ಮ ಗ್ರಾಮದಲ್ಲಿ ಈ ತಿಂಗಳು ಒಂಟಿಯಾಗಿರುವ ಗರ್ಭಿಣಿಯು ಯಾರು? ಅವಳ ಮನೆಗೆ ಯಾರು, ಯಾವ ದಿನ ಹೋಗುವರು?

ನಾಲ್ಕನೇ ಪ್ರಶ್ನೆಗೆ ಉತ್ತರ ಸಿಕ್ಕುವ ವರೆಗೆ ಕೂಟವನ್ನು ಮುಗಿಸಬೇಡಿರಿ.